ಸಹಾಯ ಬೇಕು: ಮಹಿಳಾ ಗುಂಪಿಗೆ ಕ್ರೋಶಾ ಕ್ಲಾಸ್
ನಮಸ್ಕಾರ, ನಮ್ಮ ಮಹಿಳಾ ಗುಂಪಲ್ಲಿ 15 ಜನಕ್ಕೆ ಕ್ರೋಶಾ (ಕೊಕ್ಕೆ ಕಡ್ಡಿಲಿ ದಾರ ಹೆಣೆಯೋದು) ಹೇಳ್ಕೊಡ್ತೀನಿ ಅಂತ ಒಪ್ಕೊಂಬಿಟ್ಟೆ, ಈಗ ತಲೆಬಿಸಿ. ಮೊದಲ್ನೇ ದಿನ 2 ಗಂಟೆ ಪೂರ್ತಿ ಚೈನ್ (ಮೊದಲ ಸಾಲಿನ ಕುಣಿಕೆಗಳು) ಹಾಕೋದ್ರಲ್ಲೇ ಹೋಯ್ತು, ಎಲ್ರೂ ದಾರನ ಎಷ್ಟು ಬಿಗಿಯಾಗಿ ಎಳೀತಾರೆ ಅಂದ್ರೆ ಎರಡನೇ ಸಾಲಿಗೆ ಕಡ್ಡಿ ತೂರೋದೇ ಇಲ್ಲ. ನಾನು ತಂದಿದ್ದು ಕಪ್ಪು ಉಲ್ಲನ್ ಬೇರೆ (ನನ್ನದೇ ದಡ್ಡತನ), ಹೆಣೆದ ಕುಣಿಕೆಗಳು ಕಣ್ಣಿಗೇ ಕಾಣಲ್ಲ. ಮುಂದಿನ ಸಲ ತಿಳಿ ಬಣ್ಣದ ದಪ್ಪ ಉಲ್ಲನ್, 5 ಎಂಎಂ ಕಡ್ಡಿ ತಗೊಳೋಣ ಅಂತಿದೀನಿ, ಸರಿ ಹೋಗುತ್ತಾ? ಇಬ್ರು ಎಡಗೈಯವ್ರನ್ನ ಎದುರಿಗೆ ಕೂರಿಸ್ಕೊಂಡೆ, ಕನ್ನಡಿ ಥರ ನೋಡಿ ಕಲಿತ್ರು, ಅದು ಸಲೀಸು. ಆದ್ರೆ ಬೇಗ ಕಲ್ತವ್ರು ಸುಮ್ನೆ ಕೂತಿರ್ತಾರೆ, ನಿಧಾನದವ್ರು "ನಂಗೆ ಬರಲ್ಲ ಬಿಡಿ" ಅಂತ ಎದ್ದು ಹೋಗ್ತಾರೆ. ಇಂಥ ಕ್ಲಾಸ್ ನಡೆಸಿರೋರು ಹೇಗೆ ಸಂಭಾಳಿಸ್ತೀರಾ? ಒಂದೇ ದಿನದಲ್ಲಿ ಮುಗಿಯೋಂಥ ಸಣ್ಣ ಐಟಂ ಇದ್ರೆ ಹೇಳಿ ಪ್ಲೀಸ್, ಕೋಸ್ಟರ್ (ಲೋಟದ ಕೆಳಗಿಡೋ ಮ್ಯಾಟ್) ಬಿಟ್ಟು.