ಮೀಥೇನ್ ಲೆಕ್ಕದಲ್ಲಿ +211 ಬರ್ತಿದೆ, ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ (ಬ್ರಹ್ಮಾವರ, ಪ್ರಥಮ ಪಿಯುಸಿ)
ನಾಳಿದ್ದು ಟೆಸ್ಟ್. ಮೀಥೇನಿನ ಫಾರ್ಮೇಶನ್ ಎಂಥಾಲ್ಪಿ (ಮೂಲಧಾತುಗಳು ಸೇರಿ ಅದು ಆಗುವಾಗಿನ ಬಿಸಿಯ ಲೆಕ್ಕ) ಕಂಡುಹಿಡಿಯಬೇಕು. ದಹನದ ಎಂಥಾಲ್ಪಿ ಕೊಟ್ಟಿದ್ದಾರೆ, ಮೋಲ್‌ಗೆ ಇಷ್ಟು ಕಿಲೋಜೂಲ್ ಅಂತ (ಮೋಲ್ ಅಂದರೆ ಪದಾರ್ಥದ ಪ್ರಮಾಣದ ಅಳತೆ, ಮೈನಸ್ ಅಂದರೆ ಬಿಸಿ ಹೊರಗೆ ಬರುವುದು): ಗ್ರಾಫೈಟ್, ಅಂದರೆ ಕಾರ್ಬನ್ −393.5, ಹೈಡ್ರೋಜನ್ −285.8, ಮೀಥೇನ್ −890.3. ಮೀಥೇನಿನದ್ದನ್ನು ತಿರುಗಿಸಿ ಪ್ಲಸ್ ಮಾಡಿದೆ. ಕೂಡಿಸಿದರೆ +211.0. ಪುಸ್ತಕದಲ್ಲಿ −74.8. ಉಡುಪಿ ಬಸ್ಸಿನಲ್ಲಿ ಎರಡು ಸಲ, ಮನೆಯಲ್ಲಿ ಮೂರು ಸಲ ಮಾಡಿದೆ, ಅದೇ ಬರುತ್ತದೆ. ಇನ್ನೊಂದು ಸಂಶಯ: ಕಾರ್ಬನ್, ಹೈಡ್ರೋಜನ್ ಸೇರಿಸಿ ನೇರ ಅಳೆಯಬಾರದಾ? ಇಷ್ಟು ಸುತ್ತು ಯಾಕೆ?

ಉತ್ತರ 1 (ಮಂಗಳೂರು, 22 ವರ್ಷ ಕೆಮಿಸ್ಟ್ರಿ ಕಲಿಸಿದವಳು)
ತಿರುಗಿಸಿದ್ದು ಸರಿ ಉಂಟು. ಆದರೆ ನೀನು ಸಮೀಕರಣ ಬರೆಯದೆ ಬರೀ ಸಂಖ್ಯೆ ಕೂಡಿಸಿದ್ದೀಯ, ಅಲ್ವಾ? ಬೇಕಾದದ್ದನ್ನು ಮೊದಲು ಮೇಲೆ ಬರಿ:

ಗ್ರಾಫೈಟ್ + 2 ಹೈಡ್ರೋಜನ್ → ಮೀಥೇನ್

ಅದರ ಕೆಳಗೆ:

ಗ್ರಾಫೈಟ್ + ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್, −393.5
2 ಹೈಡ್ರೋಜನ್ + ಆಕ್ಸಿಜನ್ → 2 ನೀರು, −571.6
ಕಾರ್ಬನ್ ಡೈಆಕ್ಸೈಡ್ + 2 ನೀರು → ಮೀಥೇನ್ + 2 ಆಕ್ಸಿಜನ್, +890.3

ಪೆನ್ಸಿಲ್ ಹಿಡಿದು ಎಡಕ್ಕೂ ಬಲಕ್ಕೂ ಇರುವುದನ್ನು ಹೊಡೆದು ಹಾಕು. ಡೈಆಕ್ಸೈಡ್ ಹೋಯಿತು, ನೀರು ಹೋಯಿತು, ಆಕ್ಸಿಜನ್ ಎರಡಕ್ಕೆ ಎರಡು ಹೋಯಿತು. ಉಳಿದದ್ದು ಮೇಲಿನ ಸಾಲೇ. ಉತ್ತರ −74.8. ನೀನು ಹೈಡ್ರೋಜನನ್ನು ಎರಡರಿಂದ ಗುಣಿಸಲಿಲ್ಲ. ಬರೆದಿದ್ದರೆ ಒಂದು ನೀರು ಹೊಡೆಯದೆ ಉಳಿಯುತ್ತಿತ್ತು, ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ನೇರ ಅಳೆಯುವುದು. ಗ್ರಾಫೈಟ್, ಹೈಡ್ರೋಜನ್ ಒಟ್ಟಿಗೆ ಇಟ್ಟರೆ ಕೋಣೆಯ ಉಷ್ಣತೆಯಲ್ಲಿ ಸುಮ್ನೆ ಕೂತಿರುತ್ತವೆ. ಉರಿಸಿದರೆ ಮೂರೂ ಚೆನ್ನಾಗಿ ಉರಿಯುತ್ತವೆ, ಬಿಸಿ ಅಳೆಯಬಹುದು. ಹೊರಟದ್ದು, ಮುಟ್ಟಿದ್ದು ಒಂದೇ ಆದರೆ ದಾರಿ ಯಾವುದಾದರೂ ಒಟ್ಟು ಬಿಸಿ ಒಂದೇ. ಹೆಸ್ ಎಂಬ ವಿಜ್ಞಾನಿ ಇದನ್ನು 1840ರಲ್ಲೇ ಹೇಳಿದ್ದು. ನನಗೆ ಈ ಪಾಠ ಕಲಿಸುವಾಗ ಪ್ರತಿ ವರ್ಷವೂ ಖುಷಿಯಾಗುತ್ತಿತ್ತು.

ಉತ್ತರ 2 (ಮಣಿಪಾಲ)
ನೀರಿನ ಸ್ಥಿತಿಯನ್ನೂ ನೋಡಿಕೊಳ್ಳಿ. ನನಗೆ ಒಮ್ಮೆ +13.2 ಬಂದಿತ್ತು. ಎರಡರಿಂದ ಗುಣಿಸಿದ್ದೆ, ಆದರೆ ಟೇಬಲಿನಿಂದ ಆವಿಯ −241.8 ತೆಗೆದಿದ್ದೆ. −890.3 ಇರುವುದು ನೀರು ದ್ರವವಾದಾಗ. ಮೋಲ್‌ಗೆ 44 ವ್ಯತ್ಯಾಸ, ಎರಡು ಮೋಲ್‌ಗೆ 88.

ಪ್ರಶ್ನೆ ಕೇಳಿದವರು
ಬಂತು! ನಮ್ಮ ಹಟ್ಟಿಯ ಹಿಂದೆ ಗೋಬರ್ ಗ್ಯಾಸ್ ಉಂಟು, ಅದರಲ್ಲೂ ಜಾಸ್ತಿ ಇರುವುದು ಮೀಥೇನೇ. ಬೆಳಿಗ್ಗೆ ಅಮ್ಮ ಆ ಒಲೆಯಲ್ಲಿ ಚಾ ಇಟ್ಟಾಗ ನೀಲಿ ಉರಿ ನೋಡುತ್ತಾ ನಿಂತೆ. ಆಮೇಲೆ ಬೆಂಜೀನಿನ ಲೆಕ್ಕ ಮಾಡಿದೆ, ದಹನ −3267. ಆಕ್ಸಿಜನ್ ಏಳೂವರೆಗೆ ಏಳೂವರೆ ಹೊಡೆದು ಹೋಯಿತು. +48.6 ಬಂತು. ಇದು ಪ್ಲಸ್ ಇರಬಹುದಾ?

ಉತ್ತರ 1
ಸರಿ ಉಂಟು. ಬೆಂಜೀನಿಗೆ ಪ್ಲಸ್ಸೇ.