ಅಪ್‌ಡೇಟ್: ಉಣುಗು ಕಚ್ಚಿದ ಮೇಲಿನ ತೋಳುನೋವು

ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿ ಬಿದ್ದ ಎಲೆ) ಗುಡಿಸುವಾಗ ಬಲ ಮೊಣಕೈ ಬಳಿ ಉಣುಗು ಕಚ್ಚಿ ಆರು ವಾರಗಳಾದ ಮೇಲೆ ತೋಳು ನೋಯುತ್ತಿದೆ, ಬೆರಳುಗಳು ಜುಮ್ಮೆನ್ನುತ್ತಿವೆ, ಇದು ಉಣುಗಿನಿಂದ ಹರಡುವ ಮಂಗನ ಕಾಯಿಲೆಯೇ ಎಂದು ಹಿಂದೆ ಕೇಳಿದ್ದೆ. ಈಗ ಶಿರಸಿಯಲ್ಲಿ ವೈದ್ಯರಿಗೆ ತೋರಿಸಿದ್ದೇನೆ. ಉತ್ತರಿಸಿದವರಿಗೆ ಅದನ್ನು ತಿಳಿಸಬೇಕೆನಿಸಿತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ನೆರೆಯ ಸಿದ್ದಾಪುರದವರಿಗೂ ಚೆನ್ನಾಗಿ ಪರಿಚಿತವಾದ ಆ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿ, ತೀವ್ರ ಜ್ವರ, ತಲೆನೋವುಗಳೊಂದಿಗೆ ಒಮ್ಮೆಲೇ ಆರಂಭವಾಗುತ್ತದೆ. ನನಗೆ ಜ್ವರವೇ ಬಂದಿರಲಿಲ್ಲ. ಕೆಲವರು ಸೂಚಿಸಿದ್ದ, ಉಣುಗಿನಿಂದಲೇ ಹರಡುವ ಲೈಮ್ ಕಾಯಿಲೆ ನರಗಳನ್ನು ಬಾಧಿಸಬಲ್ಲದಾದರೂ ನಮ್ಮ ದೇಶದಲ್ಲಿ ಅಪರೂಪ. ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಮಚ್ಚೆಯೂ ಮೂಡಿರಲಿಲ್ಲ.

ವೈದ್ಯರು ಉಣುಗಿಗಿಂತ ಬೆರಳುಗಳ ಬಗ್ಗೆಯೇ ಹೆಚ್ಚು ವಿಚಾರಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತವೆ, ಕಿರುಬೆರಳಿಗೆ ಏನೂ ಇಲ್ಲ, ರಾತ್ರಿ ಎಚ್ಚರವಾದಾಗ ಕೈ ಕೊಡವಿದರೆ ಹಗುರವಾಗುತ್ತದೆ ಎಂದು ಹೇಳಿದಾಗ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯಿರಬೇಕೆಂದರು. ಅದರ ನೋವು ತೋಳಿನವರೆಗೂ ಏರಬಹುದಂತೆ. ನರಗಳ ಪರೀಕ್ಷೆಯಲ್ಲೂ ಅದೇ ಕಂಡುಬಂದಿತು. ಉಣುಗು ಕಚ್ಚಿದ್ದು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಆಮೇಲೆ ಒಂದು ತಿಂಗಳು ದಿನವೂ ಮೆಟ್ಟುಗತ್ತಿಯ ಮುಂದೆ ಕುಳಿತು ಮಣಿಕಟ್ಟಿಗೆ ಬಿಡುವಿಲ್ಲದಂತೆ ಅಡಿಕೆ ಸುಲಿದಿದ್ದನ್ನು ನಾನು ಪ್ರಶ್ನೆಯಲ್ಲಿ ಬರೆದೇ ಇರಲಿಲ್ಲ!

ಈಗ ಸುಲಿಯುವ ಕೆಲಸ ನಿಲ್ಲಿಸಿ, ರಾತ್ರಿ ಮಣಿಕಟ್ಟಿಗೆ ಅದು ಬಾಗದಂತೆ ಹಿಡಿಯುವ ಸ್ಪ್ಲಿಂಟ್ ಕಟ್ಟಿಕೊಂಡು ಮಲಗುತ್ತಿದ್ದೇನೆ. ಮೂರು ವಾರಗಳಲ್ಲಿ ನಿದ್ದೆ ಸುಧಾರಿಸಿದೆ, ಹೆಬ್ಬೆರಳು ಮರಗಟ್ಟುವುದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.