ಅಪ್‌ಡೇಟ್: ತ್ಯಾವರೆಕೊಪ್ಪಕ್ಕೆ ಸ್ವಂತ ಕಾರು ಒಯ್ಯಬಹುದಾ?

ಸ್ವಂತ ಕಾರಲ್ಲೇ ಕೂತು ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿ ನೋಡಬಹುದಾ, ಕಿಟಕಿಯಿಂದ ಜಿಂಕೆಗೆ ತಿನ್ನಿಸಬಹುದಾ ಅಂತ ಕೇಳಿದ್ದೆನಲ್ಲ, ಎರಡೂ ಆಗಲ್ಲ. ಕಾರು ಹೊರಗೇ ನಿಲ್ಲಿಸಬೇಕು; ಒಳಗೆ ಅವರದ್ದೇ ಜಾಲರಿ ಹಾಕಿದ ಬಸ್ಸು.

ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ., ಮಂಗಳವಾರ ರಜೆ. ಬೆಳಗ್ಗೆಯೇ ಸಫಾರಿ ಮುಗಿಸಿ, ಮೃಗಾಲಯ ಆಮೇಲೆ. ಬಿಸಿಲೇರಿದರೆ ಹುಲಿ, ಸಿಂಹ ನೆರಳು ಬಿಟ್ಟು ಏಳಲ್ಲ. ಆವರಣಕ್ಕೆ ಜೋಡಿ ಗೇಟು: ಹಿಂದಿನದು ಮುಚ್ಚದೆ ಮುಂದಿನದು ತೆಗೆಯಲ್ಲ. ನಡುವೆ ಬಸ್ಸು ನಿಂತರೆ ಕೆಟ್ಟುಹೋಯಿತು ಅಂದ್ಕೋಬೇಡಿ.

ಫೋಟೋಗೆ ಮೊಬೈಲ್ ಲೆನ್ಸನ್ನು ಜಾಲರಿಯ ಕಣ್ಣಿಗೇ ಒತ್ತಿ ಹಿಡಿಯಿರಿ. ಸ್ವಲ್ಪ ಹಿಂದೆ ಸರಿದರೂ ಫೋಕಸ್ ತಂತಿ ಮೇಲೆ ಕೂರುತ್ತೆ, ಹುಲಿ ಮಸುಕು.

ತಿನ್ನಿಸುವುದು ಯಾಕೆ ಬೇಡ ಅಂದರೆ, ಜಿಂಕೆ, ಕಡವೆ ಮೆಲುಕು ಹಾಕುವ ಜಾತಿ. ಅನ್ನ, ಬ್ರೆಡ್ಡು, ಬಿಸ್ಕತ್ತು ಮೊದಲ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲ ಏರುತ್ತೆ. ಮೇವು ಬಿಡುತ್ತವೆ, ಹೆಚ್ಚಾದರೆ ಸಾಯುತ್ತವೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ದನಕ್ಕೆ ಸುರಿದವರಿಗೆ ಇದು ಗೊತ್ತೇ ಇರುತ್ತೆ. ಜೊತೆಗೆ ಹಾರಿಹೋಗುವ ಪ್ಲಾಸ್ಟಿಕ್ ಕವರ್ ಬೇರೆ.

ಮಕ್ಕಳಿಗೆ ಪ್ರಾಣಿ ಹತ್ತಿರದಿಂದಲೇ ಕಾಣಬೇಕಾದರೆ ಸಕ್ರೆಬೈಲು ಆನೆ ಬಿಡಾರ. ತುಂಗೆಯಲ್ಲಿ ಆನೆ ಸ್ನಾನ ಬೆಳಗ್ಗೆ ಮಾತ್ರ, ಬಿಡಾರ ಇರುವುದೂ ಬೇರೆ ದಾರಿಯಲ್ಲಿ, ತೀರ್ಥಹಳ್ಳಿ ರಸ್ತೆಯಲ್ಲಿ. ಎರಡನ್ನೂ ಒಂದೇ ಬೆಳಗ್ಗೆಗೆ ತುರುಕಬೇಡಿ.